ದ್ವೀಪದಲ್ಲಿ ಚೀಲ ಕಾಯುವ ಕೆಲಸ

ದೇವನಹಳ್ಳಿಯ ಪಕ್ಕದಲ್ಲೇ ಮನೆಯಿದ್ದು, ದಿನವಿಡೀ ತಲೆಯ ಮೇಲೆ ವಿಮಾನ ಹಾರುತ್ತಿದ್ದರೂ ಅರವತ್ತೆರಡು ತುಂಬುವವರೆಗೆ ನಾನು ಒಂದನ್ನೂ ಹತ್ತಿರಲಿಲ್ಲ. ಕೊನೆಗೆ ಹತ್ತಿದ್ದು ನನ್ನ ಹೆಂಡತಿ ಜಯಮ್ಮನ ಆಸೆಗಾಗಿ. "ಸಮುದ್ರದಲ್ಲಿ ಒಂದ್ಸಲ ಕಾಲಿಡ್ಬೇಕು ಕಣ್ರೀ" ಎಂದು ಮದುವೆಯಾದ ವರ್ಷ ಹೇಳಿದ್ದಳು. "ಮುಂದಿನ ವರ್ಷ ಹೋಗೋಣ" ಎಂದು ನಾನೂ ಪ್ರತಿವರ್ಷ ತಪ್ಪದೆ ಹೇಳುತ್ತಿದ್ದೆ. ಅವಳಿಗೆ ಮಂಡಿನೋವು ಶುರುವಾದ ಮೇಲೆ ನನಗೆ ಎಚ್ಚರವಾಯಿತು. ಅವಳ ತಮ್ಮ ಮುನಿರಾಜು, ನನ್ನ ತಮ್ಮ ನಾಗರಾಜ, ಇಬ್ಬರನ್ನೂ ಜೊತೆ ಮಾಡಿಕೊಂಡು ಅಂಡಮಾನಿನ ಒಂದು ಪುಟ್ಟ ದ್ವೀಪಕ್ಕೆ ಮೂರು ದಿನದ ಮಟ್ಟಿಗೆ ಹೋದೆವು.

ನಮ್ಮ ಹಳೆಯ ಕವಿಗಳು ಸಮುದ್ರವನ್ನು ವರ್ಣಿಸದೆ ಕಾವ್ಯ ಮುಗಿಸುತ್ತಿರಲಿಲ್ಲ. ಅವರಲ್ಲಿ ಎಷ್ಟು ಮಂದಿ ಅದನ್ನು ಕಣ್ಣಾರೆ ಕಂಡಿದ್ದರೋ, ನನಗೆ ಗುಮಾನಿ. ಕಣ್ಣಾರೆ ಕಂಡ ನಮ್ಮ ತಂಡವಂತೂ ವರ್ಣನೆಯ ಗೋಜಿಗೇ ಹೋಗಲಿಲ್ಲ. ತ್ಯಾಮಗೊಂಡ್ಲು ಕಡೆ ತೋಟ ಮಾಡಿಕೊಂಡಿರುವ ಮುನಿರಾಜು ನೀರಿಗೆ ಬೆನ್ನು ಹಾಕಿ ತೆಂಗಿನ ಮರಗಳನ್ನೇ ನೋಡುತ್ತ ನಿಂತ. "ಬೋರ್‌ವೆಲ್ ಇಲ್ಲ, ಕರೆಂಟ್ ಕಾಯಂಗಿಲ್ಲ, ಆದ್ರೂ ಹೆಂಗ್ ಬಿಟ್ಟವೆ ನೋಡಿ ಭಾವ!" ಎಂದ. ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವ ನಾಗರಾಜ ಮರಳಿನ ಮೇಲೆ ಅಂಗಾತ ಮಲಗಿ, "ಅಲೆ ಮಗ್ಗದಂಗೇ ಒಂದೇ ಸಮ ಬಡೀತವೆ ಕಣಣ್ಣ. ದಾರ ಕಿತ್ತೋಗೋ ಭಯಾನೇ ಇಲ್ಲ" ಎಂದವನು ಮರುಕ್ಷಣ ಗೊರಕೆ ಹೊಡೆಯತೊಡಗಿದ.

ನನ್ನ ಸುಖ ಬೇರೆ. ತಾಲ್ಲೂಕು ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತನಾಗಿದ್ದರೂ ಊರಲ್ಲಿ ಟೀ ಕುಡಿಯಲು ನಿಂತರೆ "ಸಾರ್, ನಮ್ ಪಹಣಿ ಏನಾಯ್ತು?" ಎಂದು ಯಾರಾದರೂ ಹಿಡಿದುಕೊಳ್ಳುತ್ತಾರೆ. ಇಲ್ಲಿ ಒಬ್ಬರೂ ಕೇಳಲಿಲ್ಲ. ಚಡ್ಡಿ ಹಾಕಿಕೊಂಡು ಓಡಾಡಿದೆ. ನನ್ನ ಕಾಲುಗಳು ಇಷ್ಟು ಬೆಳ್ಳಗಿವೆಯೆಂದು ನನಗೇ ಗೊತ್ತಿರಲಿಲ್ಲ.

ಎರಡನೆಯ ದಿನಕ್ಕೇ ನನ್ನದೊಂದು ಸಿದ್ಧಾಂತ ತಯಾರಾಯಿತು: ದ್ವೀಪದ ಸುತ್ತ ನೀರಿರುವುದರಿಂದ ನಮ್ಮ ಊರಿನ ಕೆಲಸ ಅಲ್ಲಿಗೆ ದಾಟಿ ಬರುವುದಿಲ್ಲ, ಅದಕ್ಕೇ ಅದು ಎಲ್ಲರಿಗೂ ಹಿಡಿಸುತ್ತದೆ. ಇದನ್ನು ಜಯಮ್ಮನಿಗೆ ಹೇಳಿ ಭೇಷ್ ಎನಿಸಿಕೊಳ್ಳೋಣವೆಂದು ಮೂರನೆಯ ದಿನ ಸಂಜೆ ಹೋದೆ. ಬೆಳಗಾದರೆ ವಾಪಸು ಹೊರಡಬೇಕಿತ್ತು. ನಮ್ಮೆಲ್ಲರ ಚೀಲ, ಚಪ್ಪಲಿ, ಮೊಬೈಲುಗಳ ನಡುವೆ ಅವಳು ಕೂತಿದ್ದಳು.

"ಹೆಂಗಿದೆ ದ್ವೀಪ?" ಎಂದೆ.

"ಚೆನ್ನಾಗಿದೆ. ಮೂರು ಗಂಟೆಗೆ ನೆರಳು ಆ ಕಡೆ ಹೋಗ್ಬಿಡುತ್ತೆ. ಚೀಲ ಎಲ್ಲಾ ಎತ್ತಿ ಅಲ್ಲಿಟ್ಕೋಬೇಕು."

"ನೀರಿಗೆ ಕಾಲಿಟ್ಟೆಯಾ?"

"ಎಲ್ಲಿ? ನೀವೆಲ್ಲಾ ಆಡ್ತಾ ಇದ್ರಲ್ಲ."

ಮಾತಿನಲ್ಲಿ ದೂರಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಯಾವ ಯಾತ್ರೆಗೆ ಹೋದರೂ ಚೀಲದ ಬಳಿ ಕೂರುವವಳು ಅವಳೇ. ಅದು ನಮಗೆಷ್ಟು ರೂಢಿಯಾಗಿತ್ತೆಂದರೆ ಯಾರೂ ಅವಳಿಗೆ ಕೂರು ಎಂದು ಹೇಳಿಯೂ ಇರಲಿಲ್ಲ. ನಮ್ಮ ಕೆಲಸಗಳೆಲ್ಲ ಊರಲ್ಲೇ ಉಳಿದಿದ್ದವು. ಅವಳದು ಮಾತ್ರ ನಮ್ಮೊಂದಿಗೇ ವಿಮಾನ ಹತ್ತಿ ಬಂದಿತ್ತು; ಹತ್ತಿಸಿದವರು ನಾವೇ. ಸಿದ್ಧಾಂತವನ್ನು ಹೇಳದೆ ನುಂಗಿಕೊಂಡೆ.

"ಏಳು, ನಾನು ಕೂತ್ಕೋತೀನಿ."

"ನಿದ್ದೆಗಿದ್ದೆ ಮಾಡ್ಬಿಟ್ಟೀರಾ!" ಎಂದು ಎಚ್ಚರಿಸಿ ಎದ್ದಳು.

ನೆರಿಗೆ ಎತ್ತಿ ಹಿಡಿದು, ಮಂಡಿಯನ್ನು ಸಂಭಾಳಿಸುತ್ತ ನಡೆದಳು. ಮೊದಲ ಅಲೆಗೆ ಹಿಂದೆ ಸರಿದಳು. ಎರಡನೆಯದು ಮೊಣಕಾಲಿನವರೆಗೆ ತೋಯಿಸಿದಾಗ ಕಿರುಚಿ, ಜೋರಾಗಿ ನಕ್ಕಳು. ಅಷ್ಟು ಜೋರಾಗಿ ಅವಳು ನಮ್ಮ ಮನೆಯಲ್ಲಿ ಎಂದೂ ನಕ್ಕ ನೆನಪಿಲ್ಲ. ನನಗೆ ಖುಷಿಯೂ ಆಯಿತು, ಇಷ್ಟು ವರ್ಷ ತಡಮಾಡಿದೆನಲ್ಲ ಎಂದು ಬೇಸರವೂ ಆಯಿತು. ಅಷ್ಟರಲ್ಲಿ ಒಂದು ಕಾಗೆ ಬಂದು ಕೋಡುಬಳೆ ಪೊಟ್ಟಣಕ್ಕೆ ಬಾಯಿ ಹಾಕಿತು. ಓಡಿಸಿದೆ. ಅದು ತನ್ನ ಬಳಗವನ್ನೇ ಕರೆದುಕೊಂಡು ಬಂತು. ಚೀಲ ಕಾಯುವುದೆಂದರೆ ಸುಮ್ಮನೆ ಕೂರುವುದು ಎಂದುಕೊಂಡಿದ್ದೆ, ಮೈ ಬೆವರಿತು.

ಹೊತ್ತು ಮುಳುಗುವಾಗ ಸೊಂಟದವರೆಗೆ ನೆನೆದು ಬಂದಳು. ನಾನು ಮರಳು ಕೊಡವಿಕೊಂಡು ಎದ್ದು "ಹೊರಡೋಣ್ವಾ?" ಎಂದೆ. ಅವಳು ಚೀಲಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು.

"ಪರವಾಗಿಲ್ಲ, ಚೆನ್ನಾಗೇ ಕಾಯ್ತೀರಿ. ಇನ್ನೊಂದ್ ಸ್ವಲ್ಪ ಹೊತ್ತು ಕೂತಿರಿ" ಎಂದು ಮತ್ತೆ ನೀರಿನ ಕಡೆ ನಡೆದಳು. ಈ ಸಲ ನೆರಿಗೆ ಎತ್ತಿ ಹಿಡಿಯಲೂ ಇಲ್ಲ.