ಎರಡೂ ಎಡಗಡೆಯ ಮಡ್ಗಾರ್ಡು

ನಿನ್ನೆ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಬಟ್ಟೆ ಸಾಬೂನಿನ ಒಂದು ತುಣುಕು ಹೇಗೋ ಉರಿಯುವ ಬರ್ನರಿನ ಮೇಲೆ ಬಿತ್ತು. ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ತೆಗೆದಳು. ನಾನು ಚಹಾದ ಲೋಟ ಹಿಡಿದು ಅಲ್ಲೇ ನಿಂತೆ, ಆ ಕಮಟು ವಾಸನೆಯನ್ನು ಎಳೆದುಕೊಳ್ಳುತ್ತ. ಸುಟ್ಟ ಸಾಬೂನಿನ ವಾಸನೆಗೆ ಖುಷಿಪಡುವವರು ಇಡೀ ಪುಣೆಯಲ್ಲಿ ಮೂವರು ಇದ್ದಾರು. ಒಬ್ಬ ನಾನು. ಉಳಿದಿಬ್ಬರ ಸಂಗತಿ ಹೇಳುತ್ತೇನೆ, ಪುರುಸೊತ್ತಿದ್ದರೆ ಕೂತುಕೊಳ್ಳಿ.

ಕೋಥರೂಡಿನ ವಾಮನರಾಯರು ಧಾರವಾಡದ ಕಡೆಯವರು. ಚಾಕಣದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ಅಂದರೆ ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು ಪಾಸು ಅಥವಾ ರಿಜೆಕ್ಟ್ ಎಂದು ಬರೆಯುವ ಕೆಲಸ. ನಿವೃತ್ತಿಯ ದಿನ ಶಾಲು ಹೊದ್ದುಕೊಂಡು ಮನೆಗೆ ಬಂದವರೇ ಹೆಂಡತಿ ಕುಸುಮಕ್ಕನಿಗೆ, "ಮೂವತ್ತು ವರ್ಷ ಮಂದಿ ಮಾಡಿದ್ದಕ್ಕ ಹೆಸರಿಟ್ಟೆ. ನನ್ನ ಕೈಲೆ ಒಂದ್ ಮಳೀನೂ ಮಾಡಲಿಲ್ಲ. ಇನ್ನ ಒಂದು ಗಾಡಿ ಪೂರಾ ನಾನ ಮಾಡ್ತೀನಿ," ಎಂದರಂತೆ. ಗಾಡಿ ಎಂದರೆ ಎರಡು ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಸ್ಪೋರ್ಟ್ಸ್ ಕಾರು. ಕುಸುಮಕ್ಕ, "ಮೊದಲ ಬಾತ್‌ರೂಮಿನ ನಳ ರಿಪೇರಿ ಮಾಡ್ರಿ, ಆಮ್ಯಾಲ ಗಾಡಿ," ಎಂದರಂತೆ. ನಳ ಇನ್ನೂ ಸೋರುತ್ತಿದೆ.

ನನಗೆ ಅವರ ಪರಿಚಯವಾದದ್ದು ಕೊಂಢವಾ ಬಡಾವಣೆಯ ನನ್ನ ಪಾತ್ರೆ ಅಂಗಡಿಯಲ್ಲಿ. ಹಿಟ್ಟು ನಾದುವ ಅಲ್ಯೂಮಿನಿಯಂ ಪರಾತವನ್ನು ಬೋರಲು ಹಾಕಿ, ಬೆರಳಿನಿಂದ ತಟ್ಟಿ, "ಈ ಉಬ್ಬು ಹೆಂಗ ತಂದಾರ್ರಿ?" ಎಂದು ಕೇಳಿದರು. ಇಪ್ಪತ್ತೈದು ವರ್ಷದ ವ್ಯಾಪಾರದಲ್ಲಿ ಪರಾತದ ದರ ಕೇಳದೆ ಉಬ್ಬು ಕೇಳಿದ ಮೊದಲ ಗಿರಾಕಿ. ನನಗೆ ಗೊತ್ತಿರಲಿಲ್ಲ, ಆದರೂ ಸಲಹೆ ಕೊಟ್ಟೆ. ಸ್ನೇಹ ಬೆಳೆಯಿತು.

ಅವರ ಸೊಸೈಟಿಯ ಪಾರ್ಕಿಂಗಿನ ಮೂಲೆಯಲ್ಲಿ, ಗುಜರಿಯಿಂದ ತಂದ ಗಾಡಿಯ ಚೌಕಟ್ಟಿನ ಪಕ್ಕದಲ್ಲಿ, ಕೆಲಸ. ಹಳೆಯ ಜೀನ್ಸ್ ಪ್ಯಾಂಟಿನ ಕಾಲಿಗೆ ಮರಳು ತುಂಬಿ ಹೊಲಿದ ಚೀಲ, ಅದರ ಮೇಲೆ ಅಲ್ಯೂಮಿನಿಯಂ ತಗಡು, ಮೇಲಿಂದ ಮರದ ಕೊಡತಿಯ ಪೆಟ್ಟು. ತಟ್ಟುತ್ತ ತಟ್ಟುತ್ತ ತಗಡು ಗಡುಸಾಗುತ್ತದೆ. ಕಾಯಿಸಿ ಮೆತ್ತಗೆ ಮಾಡಬೇಕು. ತಾಮ್ರವಾದರೆ ಕೆಂಪಗಾಗಿ ಹೇಳುತ್ತದೆ. ಅಲ್ಯೂಮಿನಿಯಂ ಮಹಾ ಕಪಟಿ, ಬಣ್ಣ ಬದಲಿಸದೆ ಕೂತಿದ್ದು ಒಮ್ಮೆಲೇ ಕರಗಿ ಕಾಲಮೇಲೆ ಬೀಳುತ್ತದೆ. ಅದಕ್ಕೇ ಮೇಲೆ ಸಾಬೂನು ಉಜ್ಜಿ ಕೆಳಗಿಂದ ಉರಿ ಹಿಡಿಯುವುದು. ಸಾಬೂನು ಕಂದಿತೋ, ಉರಿ ತೆಗೆಯಬೇಕು. ನೀವೇನಾದರೂ ಮಾಡುವವರಿದ್ದರೆ ಬಟ್ಟೆ ಸಾಬೂನೇ ಸಾಕು. ವಾಮನರಾಯರು ಮೊದಲು ಕುಸುಮಕ್ಕನ ಗಂಧದ ಸಾಬೂನು ಸುಟ್ಟು ಎರಡು ದಿನ ಅನ್ನ ಸಾರು ಮಾತ್ರ ಉಂಡರು.

ಐದು ತಿಂಗಳಿಗೆ ಮುಂದಿನ ಎಡ ಮಡ್ಗಾರ್ಡು ಸಿದ್ಧವಾಯಿತು. ಅಂಗೈ ಆಡಿಸಿದರೆ ಎಳೆ ಕರುವಿನ ಬೆನ್ನು ಸವರಿದ ಹಾಗಿತ್ತು. ಆ ವಾರವೇ ಅವರ ಬಲ ಭುಜ ಹಿಡಿದುಕೊಂಡಿತು. ಇನ್ನು ಸುತ್ತಿಗೆ ಮುಟ್ಟಕೂಡದು ಎಂದು ಡಾಕ್ಟರು ಹೇಳಿದರು. ರಾಯರು ಆ ಮಡ್ಗಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, "ಒಂದ ಗಲ್ಲದ ಗಾಡಿ ಆತಲ್ರಿ," ಎಂದರು. ಇಡೀ ಗಾಡಿ ತಾವೇ ಮಾಡಬೇಕೆಂದಿದ್ದ ಮನುಷ್ಯ, ಕೈಗೆ ಸಿಕ್ಕಿದ್ದು ಒಂದೇ ಒಂದು ತುಂಡು.

ಇಂಥಲ್ಲಿ ನಾನು ಸುಮ್ಮನಿರುವ ಜಾತಿಯಲ್ಲ. ಪೇಠೆಯ ತಾಂಬಟರ ಓಣಿಯಲ್ಲಿ ತಾಮ್ರದ ಹಂಡೆ ತಟ್ಟುವ ಬಬನರಾವ್ ನನ್ನ ಹಳೆಯ ಪರಿಚಯ. ಎಪ್ಪತ್ತು ದಾಟಿದರೂ ಮುಂಗೈ ಹಗ್ಗದಂತಿದೆ. ಮಾದರಿಗೆ ಎಡ ಮಡ್ಗಾರ್ಡನ್ನೇ ಒಯ್ದೆ. ಚೌಕಾಸಿಯಲ್ಲಿ ಕೂಲಿಗಿಂತ ಷರತ್ತಿಗೆ ಹೆಚ್ಚು ಬೆಲೆ. ಹೊಸಬರು ಕೂಲಿಯನ್ನೇ ಎಳೆದಾಡುತ್ತಾರೆ. ನಾನು, "ಇದರ ಹಾಗೇ ಇನ್ನೊಂದು. ಕೂದಲೆಳೆ ಫರಕು ಕಂಡರೆ ವಾಪಸು. ಕಾಣದಿದ್ದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತೇನೆ," ಎಂದು ಅಂಗೈ ತಟ್ಟಿ ಮಾತು ಮುಗಿಸಿದೆ. ಕೋಥರೂಡಿಗೇ ಬಂದು ಕೆಲಸ ಮಾಡಬೇಕೆಂಬ ಇನ್ನೊಂದು ಷರತ್ತನ್ನೂ ಸೇರಿಸಿ ಬೀಗಿದೆ.

ಬಬನರಾವ್ ಹನ್ನೊಂದು ದಿನ ತಟ್ಟಿದರು. ಬೇರೆಯವರ ಕೈಯಲ್ಲಿ ಸುತ್ತಿಗೆ ನೋಡಲಾರದೆ ರಾಯರು ಕೆಳಗಿಳಿಯಲೇ ಇಲ್ಲ. ಸದ್ದು ಕೇಳಿ, ಕಲಾಯಿಯವನು ಬಂದಿದ್ದಾನೆಂದು ಸೊಸೈಟಿಯ ಹೆಂಗಸರು ನೆಗ್ಗಿದ ಕುಕ್ಕರು, ಹಿಡಿ ಕಿತ್ತ ಬೋಗುಣಿ ತಂದು ಸಾಲು ಇಟ್ಟರು. ಅವರು ಒಂದನ್ನೂ ಒಲ್ಲೆ ಅನ್ನಲಿಲ್ಲ. ಗದ್ದಲ ನಿಲ್ಲಿಸಿ ಎಂದು ಬಂದ ಸೆಕ್ರೆಟರಿ ಕೂಡ ಮರುದಿನ ಒಂದು ಇಡ್ಲಿಪಾತ್ರೆ ಹಿಡಿದು ಬಂದರು.

ಹನ್ನೆರಡನೆಯ ದಿನ ಎರಡನ್ನೂ ಗಾಡಿಯ ಚೌಕಟ್ಟಿಗೆ ಹಿಡಿದು ನೋಡಿದೆವು. ಎಡಗಡೆಯದು ಕೂತಿತು. ಬಲಗಡೆಯದು ಕೂರಲಿಲ್ಲ. ತಿರುಗಿಸಿ ಹಿಡಿದೆ, ಬೋರಲು ಹಿಡಿದೆ, ಮುಂದಿನದನ್ನು ಹಿಂದಕ್ಕೆ ಹಿಡಿದೆ. ಎರಡೂ ಎಡಗಡೆಯವು!

"ಬಬನರಾವ್, ಇದು ಎಡಗಡೇದು!"

"ಹಂಡ್ಯಾಲಾ ಡಾವಂ-ಉಜವಂ ಕುಠಂ ಅಸತಂ, ಶೇಠ?" ಹಂಡೆಗೆ ಎಡ ಬಲ ಎಲ್ಲಿರುತ್ತದೆ ಎಂದು ಅವರು ನನ್ನನ್ನೇ ಕೇಳಿದರು. ಅರವತ್ತು ವರ್ಷ ಬರೇ ಗುಂಡಗಿನ ವಸ್ತು ತಟ್ಟಿದ ಕೈ. ಜತೆಗೆ ನನ್ನ ಷರತ್ತು ಬೇರೆ. ಕೂದಲೆಳೆ ಫರಕು ಇರಲಿಲ್ಲ. ಅಂಗೈ ತಟ್ಟಿದ ಮಾತು, ಒಪ್ಪಿಕೊಳ್ಳಲೇಬೇಕು.

ಪೂರಾ ದೋಷ ನಂದೇ. ಅದನ್ನು ಒಪ್ಪಿಕೊಳ್ಳಲು ನನಗೆ ಎರಡು ಲೋಟ ಚಹಾ ಬೇಕಾಯಿತು. ಎರಡನೆಯ ಲೋಟ ತಂದ ಕುಸುಮಕ್ಕ ಪಾತ್ರೆ ತಿಕ್ಕುತ್ತಿದ್ದವರು, ಕೈಯಲ್ಲಿ ರಬ್ಬರಿನ ಗವಸು ಹಾಗೇ ಇತ್ತು. ನಮ್ಮ ಗೋಳು ಕೇಳಿ ಅವರು ನಕ್ಕರು. "ಅಯ್ಯ, ಇಷ್ಟಕ್ಕ ತಲಿ ಮ್ಯಾಲ ಕೈ ಹೊತ್ತೀರೇನ್ರಿ? ನೋಡ್ರಿಲ್ಲೆ. ನಂದು ಯಾವಾಗ್ಲೂ ಬಲಗೈ ಗವಸ ಮೊದಲ ಹರೀತದ. ಎಡಗೈವು ರಾಶಿ ಬಿದ್ದಾವ." ಎಡಗೈ ಗವಸನ್ನು ಸರಕ್ಕನೆ ಒಳಮೈ ಹೊರಗೆ ಮಾಡಿ ಎಳೆದು ಬಲಗೈಗೆ ಹಾಕಿಕೊಂಡರು. ಸರಿಯಾಗಿ ಕೂತಿತು. "ಹಿಂಗ ಉಲ್ಟಾ ಮಾಡ್ರಿ ಒಂದನ್ನ."

ಮೂವರೂ ಗಂಡಸರು ಆ ಗವಸನ್ನೇ ನೋಡುತ್ತ ನಿಂತೆವು. ಮಡ್ಗಾರ್ಡೂ ಒಂದು ಗವಸೇ. ಉಬ್ಬನ್ನು ತಗ್ಗು ಮಾಡಿ, ತಗ್ಗನ್ನು ಉಬ್ಬು ಮಾಡಿದರೆ ಎಡದ್ದು ಬಲವಾಗಲೇಬೇಕು! ಆದರೆ ತಗಡು ಗವಸಲ್ಲ. ಸೀಳಿತೆಂದರೆ ಅದು ಹೋದಂತೆಯೇ.

"ಯಾವುದನ್ನು ಉಲ್ಟಾ ಮಾಡೋದು?" ಎಂದೆ.

ವಾಮನರಾಯರು ಎರಡಕ್ಕೂ ಕೈ ಅಡ್ಡ ಹಿಡಿದರು. "ನಂದ ಬಿಡ್ರಿ. ನಂದೊಂದ ಉಳೀಲಿ," ಎಂದರು.

ಅವರದು ಯಾವುದು? ಹಿಡಿದು ತಿರುಗಿಸಿ ನೋಡುವ ಗದ್ದಲದಲ್ಲಿ ಎರಡೂ ಕಲೆತುಹೋಗಿದ್ದವು. ರಾಯರು ಕ್ಯಾಲಿಪರ್ ತಂದು ಅಂಚು ಅಳೆದರು, ಬಾಗು ಅಳೆದರು. ಎರಡೂ ಪಾಸು! ಸಾವಿರಾರು ತುಂಡುಗಳಿಗೆ ರಿಜೆಕ್ಟ್ ಬರೆದ ಮನುಷ್ಯ ಆ ದಿನ ಒಂದು ಗೀರಿಗಾಗಿ, ಒಂದು ಸಣ್ಣ ದೋಷಕ್ಕಾಗಿ ಮೊಣಕಾಲೂರಿ ಹುಡುಕಿದರು. ಸಿಗಲಿಲ್ಲ.

ಕೊನೆಗೆ ಬಬನರಾವ್ ಎರಡನ್ನೂ ಬೆರಳಗಂಟಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಒಂದನ್ನು ರಾಯರ ತೊಡೆಯ ಮೇಲಿಟ್ಟರು. "ಇದು ತುಮಚಂ, ಸಾಹೇಬ. ನಿಮ್ಮದು." ಇನ್ನೊಂದಕ್ಕೆ ಸಾಬೂನು ಉಜ್ಜತೊಡಗಿದರು.

ನಾಲ್ಕು ದಿನ ಕಾಯಿಸುವುದು, ತಟ್ಟುವುದು. ನಡುವೆ ಒಮ್ಮೆ ತಗಡು ಡಬ್ಬೆಂದು ಒಳಮೈ ಹೊರಗಾಯಿತು. ಮೂರನೆಯ ಮಹಡಿಯಿಂದ ಯಾರೋ ಸಿಲಿಂಡರು ಸಿಡಿಯಿತೇ ಎಂದು ಕೂಗಿದರು. ಸೀಳಲಿಲ್ಲ. ಆದರೆ ಅಜ್ಜಿಯ ಕೆನ್ನೆಯ ಹಾಗೆ ಮೈತುಂಬ ಸುಕ್ಕು. ಎಷ್ಟು ತಟ್ಟಿದರೂ ಹೋಗಲಿಲ್ಲ. ಆದರೂ ಬಲಗಡೆಗೆ ಸರಿಯಾಗಿ ಕೂತಿತು.

ಬಸ್ ಸ್ಟಾಪಿನವರೆಗೆ ಬಬನರಾವ್ ಜತೆ ನಡೆದೆ. ಕಿವಿ ಭಾರಿ ಚುರುಕು ನಿಮ್ಮದು ಎಂದು ಹೊಗಳಿದರೆ, ಅವರು ತಲೆಯಾಡಿಸಿದರು. "ಉಲ್ಟಾ ಮಾಡಿದ್ದು ಸಾಹೇಬರದೇ, ಶೇಠ. ನಾನು ತಟ್ಟಿದ್ದು ತೆಳುವಾಗಿತ್ತು, ತಿರುಗಿಸಿದರೆ ಹರಿಯುತ್ತಿತ್ತು. ಅವರು ಹೆದರಿ ಹೆದರಿ ತಟ್ಟಿದ್ದಾರೆ, ತಗಡು ದಪ್ಪ ಉಳಿದಿತ್ತು. ತಾಳುವುದು ಅದೊಂದೇ. ಹೇಳಿದ್ದರೆ ಕೊಡುತ್ತಿದ್ದರೇ?"

ಇದಾಗಿ ನಾಲ್ಕು ವರ್ಷ. ಕೇಳದವರಿಗೂ ಬುದ್ಧಿ ಹೇಳುವ ನಾನು ಈ ಒಂದು ಮಾತನ್ನು ನುಂಗಿಕೊಂಡೇ ಇದ್ದೆ. ನಿನ್ನೆ ಆ ವಾಸನೆ ಬಂದಿದ್ದೇ ತಡ, ಹೇಳಿಯೇಬಿಡೋಣವೆಂದು ಅಂಗಡಿ ತೆರೆಯದೆ ಸೀದಾ ಕೋಥರೂಡಿಗೆ ಹೋದೆ.

ಗಾಡಿ ಅದೇ ಮೂಲೆಯಲ್ಲಿ ಹೊಳೆಯುತ್ತ ನಿಂತಿತ್ತು. ಉಳಿದ ತಗಡನ್ನೆಲ್ಲ ಆಮೇಲೆ ಬಬನರಾವ್ ಅವರೇ ತಟ್ಟಿಕೊಟ್ಟಿದ್ದರು. ಎಂಜಿನ್ ಇನ್ನೂ ಬಂದಿಲ್ಲ. ಹಾರ್ನ್ ಬಂದಿದೆ. ಹೊಸ ಬಾಡಿಗೆದಾರರೊಬ್ಬರು ಸುತ್ತು ಹಾಕಿ, "ಇದರಾಗ ನೀವ ಖುದ್ದ ತಟ್ಟಿದ್ದು ಯಾವುದ್ರಿ?" ಎಂದು ಕೇಳುತ್ತಿದ್ದರು. ರಾಯರು ನಡೆದು ಹೋಗಿ ಸುಕ್ಕಿನ ಮಡ್ಗಾರ್ಡಿನ ಮೇಲೆ ಕೈಯಿಟ್ಟರು. "ಇದು."

ಬಾಡಿಗೆದಾರರು ಹೋದದ್ದೇ ತಡ, ನಾನು ಕೇಳಿದೆ. "ನಿಮಗ ಗೊತ್ತಿತ್ತೇನ್ರಿ?"

"ಮೂವತ್ತು ವರ್ಷ ಸುಳ್ಳು ಹೇಳೋ ಸಪ್ಲಾಯರ್‌ಗಳ ಮಾರಿ ನೋಡೀನ್ರಿ. ಅವತ್ತ ಬಬನರಾವ್ ನನ್ನ ಕಣ್ಣಾಗ ಕಣ್ಣಿಟ್ಟು ನೋಡಲಿಲ್ಲ."

"ಮತ್ತ ಸುಮ್ಮನ ಯಾಕ ಕೂತ್ರಿ?"

"ಹೊಡೀಲಿ ಅಂತ. ನಾ ಬ್ಯಾಡ ಅಂದಿದ್ರ ತೊಡಿ ಮ್ಯಾಲ ಒಂದ ಮಡ್ಗಾರ್ಡ ಉಳೀತಿತ್ತು, ಗಾಡಿ ಆಗ್ತಿದ್ದಿಲ್ಲ." ಆಮೇಲೆ ಸ್ಟಿಯರಿಂಗಿನ ಹಿಂದೆ ತೂರಿ ಕೂತು ಹಾರ್ನ್ ಒತ್ತಿದರು.

ವಾಚ್‌ಮನ್ ಹೊಸಬ. ದಡಬಡಿಸಿ ಓಡಿಬಂದು ಗೇಟನ್ನು ಪೂರ್ತಿ ತೆರೆದು ಸಲ್ಯೂಟ್ ಹೊಡೆದು ನಿಂತ. ರಾಯರು ನನ್ನ ಮುಖ ನೋಡಿದರು. ಅಷ್ಟು ಗೌರವದಿಂದ ತೆರೆದ ಗೇಟಿನ ಎದುರು ಸುಮ್ಮನೆ ನಿಲ್ಲುವುದು ಚೆನ್ನಾಗಿ ಕಾಣುವುದಿಲ್ಲ. ಚಪ್ಪಲಿ ಕಳಚಿ ತಳ್ಳಲು ನಿಂತೆ. ಮೊದಲು ಎಡಗಡೆಯ ನುಣುಪು ಮಡ್ಗಾರ್ಡು ಹಿಡಿದೆ, ಕೈ ಜಾರಿತು. ಬಲಗಡೆಗೆ ಬಂದೆ. ಆ ಸುಕ್ಕುಗಳಲ್ಲಿ ಬೆರಳುಗಳು ಒಂದೊಂದಾಗಿ ಗಟ್ಟಿಯಾಗಿ ಕೂತವು.