ನೊಗ ಇಳಿಸಿದ ಸಂಜೆ

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದವನು. ದನದ ಡಾಕ್ಟರನಾದ ಮೇಲಂತೂ ನನ್ನ ಮೊಂಡುತನ ಇನ್ನಷ್ಟು ಬಲಿತಿತ್ತು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ನಿಜ ಎನ್ನುತ್ತಿದ್ದೆ. ಈಗ ಹೇಳಹೊರಟಿರುವುದೂ ಕಣ್ಣಿಗೆ ಕಂಡದ್ದೇ. ಅದೇ ನನ್ನ ತೊಂದರೆ.

ಎಪ್ಪತ್ತರ ದಶಕದಲ್ಲಿ ನಾನು ಸಿರುಗುಪ್ಪದಲ್ಲಿದ್ದೆ. ರಾರಾವಿಯ ಈರಪ್ಪ ಎಂಬ ರೈತನ ಜೋಡಿ ಎತ್ತುಗಳಲ್ಲಿ ಒಂದು ಭತ್ತದ ಗಾಡಿಯ ಸಮೇತ ಕಾಲುವೆಗೆ ಬಿದ್ದು ಬೆನ್ನು ಮುರಿದುಕೊಂಡಿತ್ತು. ಹಿಂಗಾಲಿಗೆ ಸೂಜಿ ಚುಚ್ಚಿ ನೋಡಿದೆ. ಚರ್ಮ ಕೂಡ ಅದುರಲಿಲ್ಲ. ಇದು ಇನ್ನು ಏಳುವುದಿಲ್ಲ, ನರಳಿಸುವುದು ಬೇಡ, ಮದ್ದು ಕೊಟ್ಟು ಕಳಿಸೋಣ ಎಂದೆ.

ಈರಪ್ಪ ತಲೆ ತಗ್ಗಿಸಿದ. ಅವರ ಮನೆಯಲ್ಲಿ ಎತ್ತೆಂದರೆ ಬಸವಣ್ಣ. ಹೂಂ ಎಂದರೆ ಕೊಂದ ಪಾಪ, ಊಹೂಂ ಎಂದರೆ ಅದರ ಗೋಳು ನೋಡಬೇಕು. ನಾನು ಹೋದಾಗಲೆಲ್ಲ ನಾಳೆ ನೋಡೋಣ ಎನ್ನುತ್ತಿದ್ದ. ಅಷ್ಟರಲ್ಲಿ ಎತ್ತು ಮೇವು ಬಿಟ್ಟಿತು, ಮಲಗಿದ ಮಗ್ಗುಲು ಹುಣ್ಣಾಯಿತು. ನನಗೆ ಅವನ ಮೇಲೆ ಸಿಟ್ಟು, ಎತ್ತಿನ ಮೇಲೆ ಮರುಕ.

ಕೊನೆಗೆ ಒಂದು ಸಂಜೆ ಒಪ್ಪಿದ. ಸಿರಿಂಜಿಗೆ ಮದ್ದು ತುಂಬಿಕೊಂಡು ಎತ್ತಿನ ಬಳಿ ಕುಳಿತೆ. ಆಗ ಅವನ ಹೆಂಡತಿ ಶರಣಮ್ಮ ಬಂದು ತಡೆದಳು.

"ಡಾಕ್ಟ್ರ, ಅದರ ನೊಗ ಇನ್ನೂ ಇಳಿಸಿಲ್ರಿ. ಅವತ್ತು ಹಗ್ಗ ಕೊಯ್ದು ಬಿಡಿಸ್ಯಾರ ಅಷ್ಟ. ಹೆಗಲ ಮ್ಯಾಲೆ ದುಡಿಮಿ ಇಟ್ಕೊಂಡು ಅದು ಹೆಂಗ ಹೋದೀತು?"

ಎತ್ತಿನ ದುಡಿಮೆ ಮುಗಿದಾಗ ಹಣೆಗೆ ವಿಭೂತಿ ಹಚ್ಚಿ, ಹೆಗಲಿಗೆ ಕಡೆಯ ಸಲ ನೊಗ ಮುಟ್ಟಿಸಿ ಕೆಳಗಿಳಿಸುವುದು ಆ ಮನೆಯ ಪದ್ಧತಿಯಂತೆ. ಗಡಿಬಿಡಿಯಲ್ಲಿ ಅದನ್ನು ಮರೆತಿದ್ದರು. ಇದೂ ಒಂದು ಆಗಿಹೋಗಲಿ ಎಂದು ಮನಸ್ಸಿನಲ್ಲೇ ಗೊಣಗುತ್ತಾ ಕಾದೆ. ಈರಪ್ಪ ನೊಗ ತಂದು ಹೆಗಲಿಗೆ ಮುಟ್ಟಿಸಿ ನೆಲಕ್ಕಿಟ್ಟ.

"ಸಾಕಪ್ಪ, ಇಳಿಸೀನಿ. ಇನ್ನ ಹೋಗಿ ಬಾ," ಎಂದ.

ದನ ಏಳುವುದು ಹಿಂಗಾಲಿನ ಬಲದಿಂದ. ಆ ಎತ್ತು ಜೀವವಿಲ್ಲದ ಹಿಂಗಾಲನ್ನೇ ಮೊದಲು ಊರಿತು. ಎದ್ದು ನಿಂತಿತು. ಯಾರೂ ಹಿಡಿಯಲಿಲ್ಲ, ಕರೆಯಲಿಲ್ಲ. ಅದು ಅಂಗಳ ದಾಟಿ ಹೊಲದ ಗಾಡಿದಾರಿ ಹಿಡಿಯಿತು. ನಾವು ಹಿಂದೆ ನಡೆದೆವು. ಬದುವಿನ ಬೇವಿನ ಮರದ ಕೆಳಗೆ, ಆ ಮನೆಯ ಹಿಂದಿನ ಎತ್ತುಗಳನ್ನು ಮಣ್ಣು ಮಾಡಿದ ಜಾಗದಲ್ಲಿ, ಕಾಲು ಮಡಚಿ ಮಲಗಿತು. ನಾನು ಎದೆ ಮುಟ್ಟಿ ನೋಡುವಷ್ಟರಲ್ಲಿ ಮುಗಿದಿತ್ತು. ಬೆನ್ನು ತಡವಿದೆ. ಮುರಿದ ಮೂಳೆ ಮುರಿದಂತೆಯೇ ಇತ್ತು.

ಶರಣಮ್ಮ ಕೈಮುಗಿದಳು. ತುಂಬಿದ ಸಿರಿಂಜು ಹಿಡಿದಂತೆಯೇ ನಾನೂ ಕೈಮುಗಿದೆ.

ಬಳ್ಳಾರಿಯಲ್ಲಿ ನನ್ನ ಜೊತೆಯ ಡಾಕ್ಟರುಗಳಿಗೆ ಹೇಳಿದಾಗ, ನರಕ್ಕೆ ಬಾವು ಬಂದಿದ್ದಿರಬೇಕು, ಅದು ಇಳಿದಿರಬೇಕು ಎಂದರು. ಇರಬಹುದು. ಆದರೆ ಅದು ಜೋಡಿಯಲ್ಲಿ ಎಡಗಡೆ ಹೂಡುವ ಎತ್ತು. ಅಷ್ಟು ಅಗಲದ ದಾರಿಯಲ್ಲಿ ಅದು ಗಾಡಿಯ ಎಡಚಕ್ರದ ಜಾಡು ಬಿಡದೆ, ಬಲಗಡೆ ಜೋಡಿಯ ಎತ್ತಿಗೆ ಜಾಗ ಬಿಟ್ಟು ನಡೆದಿತ್ತು.

ಅಂದಿನಿಂದ ಕೆಲಸ ಬಿಡುವವರೆಗೂ, ಯಾವ ಎತ್ತಿಗೆ ಕೊನೆಯ ಮದ್ದು ಕೊಡಬೇಕಾದರೂ ಮೊದಲು ಮನೆಯವರನ್ನು ಕೇಳುತ್ತಿದ್ದೆ: ನೊಗ ಇಳಿಸಿದಿರಾ? ಯಾಕೆ ಎಂದು ಅವರು ಕೇಳಿದರೆ ಹೇಳಲು ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.