ಬೋರ್ಡಿನ ಮೇಲಿದ್ದ ದರ

ಪುರಸಭೆಯ ಉದ್ಯಾನ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿದ ಆಕೆಯನ್ನು ಕಚೇರಿಯವರು ಬೆನ್ನ ಹಿಂದೆ ತಕ್ಕಡಿ ಮೇಡಂ ಎನ್ನುತ್ತಿದ್ದರು. ಬೆಂಚಿಗೆ ಬಣ್ಣ ಬಳಿಸುವುದಿರಲಿ, ಉಯ್ಯಾಲೆಗೆ ಸರಪಳಿ ಕೊಳ್ಳುವುದಿರಲಿ, ಯಾರ ಶಿಫಾರಸಿಗೂ ಆಕೆ ಸೊಪ್ಪು ಹಾಕಿದವಳಲ್ಲ. ಅಡ್ಡಹೆಸರು ಕಿವಿಗೆ ಬಿದ್ದ ದಿನ ಸಿಟ್ಟೇನೂ ಬರಲಿಲ್ಲ, ಒಳಗೊಳಗೇ ಹಿಗ್ಗಿದಳು. ಹಿಗ್ಗಲಿ ಬಿಡಿ, ಹಿಗ್ಗುವುದಕ್ಕೆ ಪಾಪ ಆಕೆಗೆ ಬೇರೇನಿತ್ತು?

ಮನೆಯಲ್ಲಿದ್ದವನು ತಮ್ಮನೊಬ್ಬ. ವಯಸ್ಸು ನಲವತ್ತು ದಾಟಿತ್ತು, ಬುದ್ಧಿ ಏಳಕ್ಕೇ ನಿಂತಿತ್ತು. ತಾಯಿ ಸಾಯುವ ಹಿಂದಿನ ದಿನ ಅವನ ಕೈಗೆ ಒಂದು ನಾಣ್ಯ ಕೊಟ್ಟು, "ಐಸ್ ಕ್ರೀಮ್ ತಿನ್ನು ಮಗಾ" ಎಂದಿದ್ದಳು. ಅಂಚು ಮುಕ್ಕಾಗಿದ್ದ ಆ ನಾಣ್ಯ ಹಿಡಿದು ಅವನು ಉದ್ಯಾನಕ್ಕೆ ಹೋದ. ಗೇಟಿನ ಬಳಿ ಐಸ್ ಕ್ರೀಮ್ ಗಾಡಿ ನಿಲ್ಲಿಸಿ ಗಂಟೆ ಬಾರಿಸುತ್ತಿದ್ದ ಮುದುಕ, ಎಲ್ಲರ ಬಾಯಲ್ಲಿ ಗಂಟೆಯಣ್ಣ, ನಾಣ್ಯ ತೆಗೆದುಕೊಂಡು ಕೋನ್ ಕೊಟ್ಟ. ಆಮೇಲೆ ಅದೇ ನಾಣ್ಯವನ್ನು ಅವನ ಅಂಗೈಗಿಟ್ಟು, "ತಗೋ ಯಜಮಾನ, ನಿನ್ನ ಚಿಲ್ಲರೆ" ಎಂದ. ಹನ್ನೊಂದು ವರ್ಷ ದಿನಾ ಸಂಜೆ ಹೀಗೇ ನಡೆಯಿತು. ಅಕ್ಕ ದುಡ್ಡು ಕೊಡಲು ಹೋದರೆ ಮುದುಕ ಒಪ್ಪುತ್ತಿರಲಿಲ್ಲ.

"ಅವನು ದಿನಾ ಕೊಡ್ತಾನಲ್ಲ ಮೇಡಂ. ಒಂದಕ್ಕೆ ಎರಡು ಸಲ ತಗೊಂಡ್ರೆ ನನಗೆ ಒಳ್ಳೇದಾಗತ್ತಾ?"

ಹೀಗಿರುವಾಗ ಮೇಲಿನಿಂದ ಆದೇಶ ಬಂತು. ಉದ್ಯಾನದಲ್ಲಿ ಇನ್ನು ಒಬ್ಬನೇ ಐಸ್ ಕ್ರೀಮಿನವನು ಇರಬೇಕು, ಬಡ ಮಕ್ಕಳಿಗೂ ಕೈಗೆಟುಕಬೇಕು. ತಮ್ಮ ಅತಿ ಕಡಿಮೆ ದರವನ್ನು ಎಲ್ಲರೂ ಲಕೋಟೆಯಲ್ಲಿ ಬರೆದು ಕೊಡಲಿ, ಯಾರದು ಕಡಿಮೆಯೋ ಅವರಿಗೆ ಜಾಗ. ಫೈಲು ಬಂದದ್ದು ತಕ್ಕಡಿ ಮೇಡಂ ಮೇಜಿಗೇ.

ಗಂಟೆಯಣ್ಣ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಫಾರಂ ಹಿಡಿದು ಬಂದ.

"ಬೋರ್ಡಲ್ಲಿ ಮೂರು ನಾಣ್ಯ ಅಂತ ಬರೆಸಿದೀನಿ ಮೇಡಂ. ಆದ್ರೆ ಮಕ್ಕಳ ಕೈಲಿ ಒಂದೇ ಇದ್ರೆ ಒಂದಕ್ಕಾಗೋಷ್ಟು ಹಾಕ್ಕೊಡ್ತೀನಿ. ಈಗ ಇದ್ರಲ್ಲಿ ಯಾವುದು ಬರೀಲಿ?"

ಬೇರೆ ಯಾರಾದರೂ ಕೇಳಿದ್ದರೆ ಆಕೆ ಕುರ್ಚಿ ಕೊಟ್ಟು ಕೂರಿಸಿ, "ಅತಿ ಕಡಿಮೆ ಅಂದ್ರೆ ಒಂದೇ ಅಲ್ವಾ, ಅದನ್ನೇ ಬರೀರಿ" ಎಂದು ಬಿಡಿಸಿ ಹೇಳುತ್ತಿದ್ದಳು. ಬೆಳಿಗ್ಗೆಯಷ್ಟೇ ಇಬ್ಬರಿಗೆ ಫಾರಂ ತುಂಬುವುದನ್ನು ಬಿಡಿಸಿ ಹೇಳಿಯೂ ಇದ್ದಳು. ಆದರೆ ಅಕ್ಕಪಕ್ಕದ ಮೇಜಿನವರು ಕಿವಿ ನಿಮಿರಿಸಿ ಕೂತಿದ್ದರು. ತಮ್ಮನಿಗೆ ಪುಕ್ಕಟೆ ತಿನ್ನಿಸುವವನಿಗೇ ಜಾಗ ಕೊಡಿಸಿದಳು ಎಂದು ನಾಳೆ ಯಾರಾದರೂ ಆಡಿಕೊಂಡರೆ? ಫೈಲಿನಿಂದ ತಲೆ ಎತ್ತದೆ, "ಬೋರ್ಡಲ್ಲಿ ಏನಿದೆಯೋ ಅದನ್ನ ಬರೀರಿ" ಎಂದಳು.

ಮುದುಕ ಮೂರು ಎಂದು ಬರೆದ. ಹೊಸಬನೊಬ್ಬ ಎರಡು ಎಂದು ಬರೆದಿದ್ದ. ಲಕೋಟೆ ಒಡೆದು ಎಲ್ಲರೆದುರು ಓದಿದವಳೂ ಆಕೆಯೇ. ಸಾಹೇಬರು, "ಕೆಲಸ ಅಂದ್ರೆ ಹೀಗಿರಬೇಕು" ಎಂದು ಹೊಗಳಿದರು. ಗಂಟೆಯಣ್ಣ ಮಾತ್ರ ಒಂದೂ ಆಕ್ಷೇಪ ಎತ್ತಲಿಲ್ಲ.

"ಯಜಮಾನನಿಗೆ ಮೊದಲೇ ಹೇಳಿಬಿಡಿ ಮೇಡಂ. ಪಾಪ, ಕಾಯ್ತಾ ನಿಂತ್ಕೋತಾನೆ" ಎಂದಷ್ಟೇ ಹೇಳಿ ಹೊರಟುಹೋದ.

ತಮ್ಮನಿಗೆ ಅದನ್ನು ಹೇಳುವುದಕ್ಕೆ ಆಕೆಗೆ ಬಾಯಿ ಬರಲಿಲ್ಲ. ಹೊಸಬ ಬಂದ ದಿನ ತಮ್ಮನ ಕೈಗೆ ಇನ್ನೊಂದು ನಾಣ್ಯ ಸೇರಿಸಿ, "ಇವತ್ತಿಂದ ಎರಡು ಕೊಡಬೇಕು" ಎಂದಳು. ಆ ಗೇಟಿನ ಬಳಿ ಸುಳಿಯಲು ಧೈರ್ಯ ಸಾಲದೆ ಅವನೊಬ್ಬನನ್ನೇ ಕಳಿಸಿದಳು. ತಾಯಿ ಕೊಟ್ಟ ನಾಣ್ಯವೂ ಹೋಗುತ್ತದೆಂಬುದು, ಅಷ್ಟು ಲೆಕ್ಕ ಬಲ್ಲವಳಿಗೆ, ತಲೆಗೆ ಹೊಳೆಯಲಿಲ್ಲ.

ಗಂಟೆ ಕಳೆದರೂ ಅವನು ಬಾರದಿದ್ದಾಗ ಓಡಿದಳು. ಅವನು ಗಾಡಿಯೆದುರು ಬಲಗೈ ಚಾಚಿ ನಿಂತಿದ್ದ. ಎಡಗೈಯ ಕಪ್ಪಿನಲ್ಲಿ ಐಸ್ ಕ್ರೀಮ್ ಪೂರ್ತಿ ಕರಗಿ ಮೊಣಕೈವರೆಗೆ ಸುರಿದಿತ್ತು.

"ಆಗಿನಿಂದ ಹೀಗೇ ನಿಂತಿದಾರೆ ಅಮ್ಮಾ. ಎರಡು ಕೊಟ್ರು, ಕಪ್ ಕೊಟ್ಟೆ. ಇನ್ನೇನು ಬೇಕೋ ಗೊತ್ತಾಗ್ತಿಲ್ಲ" ಎಂದ ಹೊಸಬ. ಕೆಟ್ಟ ಮನುಷ್ಯನೇನಲ್ಲ, ಆಕೆ ಆ ನಾಣ್ಯ ಕೇಳಿದ್ದೇ ತಡ ದುಡ್ಡಿನ ಡಬ್ಬಿಯನ್ನೇ ಬೋರಲು ಹಾಕಿ ತೋರಿಸಿದ. ಮುಕ್ಕಾದ ನಾಣ್ಯ ಅದರಲ್ಲಿ ಇರಲಿಲ್ಲ. ಸಂಜೆಯ ಗದ್ದಲದಲ್ಲಿ ಯಾರಿಗೋ ಚಿಲ್ಲರೆಯಾಗಿ ಹೋಗಿತ್ತು.

ಆಕೆ ಪರ್ಸಿನಿಂದ ಒಂದು ನಾಣ್ಯ ತೆಗೆದು ತಮ್ಮನ ಅಂಗೈಗಿಟ್ಟಳು. ಅವನು ಹೆಬ್ಬೆರಳಿನಿಂದ ಅದರ ಅಂಚನ್ನು ಸುತ್ತಲೂ ಸವರಿ ನೋಡಿ ವಾಪಸು ಕೊಟ್ಟ.

"ಇದು ಅಮ್ಮಂದಲ್ಲ. ನಾನೇನು ತಪ್ಪು ಮಾಡ್ದೆ ಅಕ್ಕಾ?"

"ನೀನಲ್ಲ ಕಣೋ. ತಪ್ಪು ಮಾಡಿದ್ದು ನಾನು."

ಅವನಿಗೆ ಅದು ಅರ್ಥವಾಗಲಿಲ್ಲ. ಕಾವಲುಗಾರ ಗೇಟು ಹಾಕಲು ಬಂದಾಗಲೂ ಅವನ ಕೈ ಚಾಚಿಯೇ ಇತ್ತು. ತಕ್ಕಡಿ ಮೇಡಂ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ರಸ್ತೆಯುದ್ದಕ್ಕೂ ಅಳುತ್ತಾ ಅವನನ್ನು ಮನೆಗೆ ಕರೆತಂದಳು.